ಎರಡು ಸೀಟಿನ ಕಾರು

ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಆಮೇಲೆ ಒಂದು ಶನಿವಾರ ದುಂಡಪ್ಪ ಫೋನ್ ಮಾಡಿದ. ಆರಾಮದೀಯೇನು ಎಂದು ಬಾಯಿಮಾತಿಗೂ ಕೇಳದೆ, "ಲೇ ಇದ್ರೀಸಾ, ನಾಳೆ ನಿನ್ನ ಎರಡು ಕೈ ಬೇಕಾಗ್ಯಾವ" ಎಂದ.

"ಕೈ ಅಷ್ಟ ಸಾಕೇನು? ಉಳಿದದ್ದು ಮನ್ಯಾಗ ಬಿಟ್ಟು ಬರಲಿ?" ಎಂದೆ.

ಅವನು ನಗಲಿಲ್ಲ. "ಮುಂಜಾನೆ ಬಾ. ಉಂಡು ಬಾ" ಎಂದವನೇ ಫೋನ್ ಇಟ್ಟ.

ಹುಬ್ಬಳ್ಳಿಯ ಮನುಷ್ಯ ಮನೆಗೆ ಕರೆದು 'ಉಂಡು ಬಾ' ಅನ್ನುವುದೇ! ನಾನು ಬಿಜಾಪುರದವನು. ನಮ್ಮ ಕಡೆ ಸಾಲ ಕೇಳಲು ಬಂದವನಿಗೂ ರೊಟ್ಟಿ ಹಾಕಿಯೇ ಇಲ್ಲ ಅನ್ನುತ್ತಾರೆ. ನನಗೆ ಸಿಟ್ಟು ಬಂತು. ಹೋಗುವುದಿಲ್ಲ ಎಂದುಕೊಂಡೆ. ಆದರೆ ಮರುದಿನ ಭಾನುವಾರ, ಮತ್ತು ಜರ್ಮನಿಯ ಭಾನುವಾರವನ್ನು ಒಬ್ಬನೇ ಕಳೆದವನಿಗೆ ಮಾತ್ರ ಅದರ ಉದ್ದ ಗೊತ್ತು. ಅಂಗಡಿ ಮುಚ್ಚಿರುತ್ತವೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಖಾಲಿ ಬಾಟಲಿಯನ್ನು ಬೀದಿಯ ಡಬ್ಬಿಗೆ ಹಾಕುವಂತಿಲ್ಲ, ಸದ್ದಾಗುತ್ತದಂತೆ. ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಆ ದಿನ ಯಾರ ಜೊತೆಯೂ ಒಂದು ಮಾತಾಡದೆ ಬೆಳಗಿನಿಂದ ಸಂಜೆ ಮಾಡುತ್ತಿದ್ದೆ. ಸೋಮವಾರ ಆಫೀಸಿನಲ್ಲಿ ಮೊದಲ ಸಲ ಬಾಯಿ ತೆರೆದಾಗ ದನಿ ಕಟ್ಟಿಕೊಂಡಿರುತ್ತಿತ್ತು. ಅದಕ್ಕೇ ಹೋದೆ. ಉಣ್ಣದೆ ಹೋದೆ, ಬೇಕಂತಲೇ.

ನಾವಿಬ್ಬರೂ ಒಂದೇ ವರ್ಷ ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದು ಫ್ರಾಂಕ್‌ಫರ್ಟಿಗೆ ಬಂದವರು. ಮೊದಲ ಚಳಿಗಾಲವನ್ನು ಬೋಕನ್‌ಹೈಮ್‌ನ ಒಂದು ಬಾಡಿಗೆ ಮನೆಯಲ್ಲಿ, ಒಂದೇ ಕುಕ್ಕರಿನಲ್ಲಿ ಕಳೆದೆವು. ಆಮೇಲೆ ಅವನ ಮದುವೆಯಾಯಿತು, ನೀಲಗಂಗಾ ಬಂದಳು. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕು ಇಬ್ಬರೂ ರೌನ್‌ಹೈಮ್‌ಗೆ ಮನೆ ಬದಲಿಸಿದರು. ವಿಮಾನ ನಿಲ್ದಾಣದ ಪಕ್ಕದ ಊರು ಅದು. ಮೊದಮೊದಲು ಎರಡು ಮೂರು ಸಲ ಹೋಗಿ ಉಂಡು ಬಂದೆ. ಆಮೇಲೆ ಅವರು ಕರೆಯಲಿಲ್ಲ, ನಾನು ಹೋಗಲಿಲ್ಲ. ಇಲ್ಲಿ ಯಾರ ಮನೆಗೂ ಹಾಗೇ ಹೋಗುವಂತಿಲ್ಲ, ಟರ್ಮಿನ್ ಬೇಕು, ಅಂದರೆ ಮೊದಲೇ ಗೊತ್ತು ಮಾಡಿಕೊಂಡ ದಿನ, ಹೊತ್ತು. ನಾವೂ ಈ ರೋಗ ಹಚ್ಚಿಕೊಂಡಿದ್ದೇವೆ. ಕರೆಯಲಿ, ಹೋದರಾಯಿತು ಎಂದು ಕೂತೆ. ಕೂತೇ ಇದ್ದೆ.

ರೌನ್‌ಹೈಮ್ ಸ್ಟೇಷನ್ನಿನಲ್ಲಿ ಇಳಿಯುವಾಗ ತಲೆಯ ಮೇಲೆ ಒಂದು ವಿಮಾನ ಗಾಲಿ ಬಿಟ್ಟುಕೊಂಡು ಇಳಿಯುತ್ತಿತ್ತು. ಅಲ್ಲಿ ದಿನವಿಡೀ ಅದೇ ಸದ್ದು. ಊರಿಂದ ಬರುವ ವಿಮಾನವೂ ಅದೇ ದಾರಿಯಲ್ಲಿ ಇಳಿಯುತ್ತದೆ.

ದುಂಡಪ್ಪ ಬಾಗಿಲು ತೆಗೆದ. ಆ ಹೆಸರು ಇಟ್ಟವರ ಧೈರ್ಯ ಮೆಚ್ಚಬೇಕು. ಮೊದಲೇ ಜೋಳದ ದಂಟಿನ ಹಾಗಿದ್ದವನು ಈಗ ಇನ್ನೂ ಇಳಿದುಹೋಗಿದ್ದ.

"ನೀಲಾ ಎಲ್ಲಿ?" ಎಂದೆ.

"ಊರಾಗ ಅದಾಳ" ಎಂದ. ಅಷ್ಟೇ. ಅಡುಗೆಮನೆಗೆ ನಡೆದ.

ಮನೆ ಹೋಟೆಲ್ ಕೋಣೆಯ ಹಾಗೆ ಚೊಕ್ಕಟವಾಗಿತ್ತು. ಒಗ್ಗರಣೆಯ ವಾಸನೆಯೇ ಇರಲಿಲ್ಲ. ಅಡುಗೆಮನೆಯ ಟೇಬಲ್ ಮೇಲೆ ಹಳೇ ಪೇಪರ್ ಹಾಸಿ, ಮೇಲೆ ನಾಲ್ಕು ಹೊಳೆಯುವ ಲೋಹದ ತುಂಡು ಇಟ್ಟಿದ್ದ. ಬೋಗುಣಿಯಷ್ಟು ದೊಡ್ಡವು, ನಡುವೆ ತೂತು. ಒಂದನ್ನು ಎತ್ತಿದೆ. ಅದರ ಗಾತ್ರ ನೋಡಿ ಕೈ ಸಿದ್ಧವಾಗಿತ್ತು, ಭಾರವೇ ಇರಲಿಲ್ಲ. ಕೈ ಮೇಲಕ್ಕೆ ಹಾರಿದಂತಾಯಿತು.

"ಅಲಾಯ್ ಹಬ್" ಎಂದ. ಅವನ ಮುಖದಲ್ಲಿ ಅವತ್ತಿನ ಮೊದಲ ಬೆಳಕು. "ಗಾಲಿ ಇದಕ್ಕ ಕೂರತೈತಿ. ಮೊದಲಿನವು ಕಬ್ಬಿಣದವು. ಇವನ್ನ ಹಾಕಿದ್ರ ನಾಕೂ ಗಾಲಿಗೆ ಕೂಡಿ ಐದು ಕಿಲೋ ಕಡಿಮಿ."

"ಐದು ಕಿಲೋ ಕಡಿಮಿ ಆಗಬೇಕಂದ್ರ ಮೂರು ದಿನ ಉಪವಾಸ ಕೂಡು, ಬಿಟ್ಟಿ ಆಗತದ."

"ನಿನಗ ತಿಳಿಯೂದಿಲ್ಲ. ಸ್ಪ್ರಿಂಗಿನ ಕೆಳಗಿನ ಭಾರ ಬ್ಯಾರೆ. ಗಾಲಿ ಹಗುರಿದ್ರ ತಗ್ಗು ದಿನ್ನಿ ಒಳಗ ಕುಂತವರಿಗೆ ಹತ್ತೂದಿಲ್ಲ."

ಒಳಗೆ ಕುಂತವರು ಯಾರೆಂದು ನಾನು ಕೇಳಲಿಲ್ಲ. ಕಾರು ಮನೆಯ ಹಿಂದಿನ ಬಾಡಿಗೆ ಗ್ಯಾರೇಜಿನಲ್ಲಿತ್ತು. ಅದು ಅಂಗಡಿಯಲ್ಲಿ ಕೊಂಡ ಕಾರಲ್ಲ, ಕಿಟ್ ಕಾರು. ಚೌಕಟ್ಟು, ತಗಡು, ತಂತಿ, ಸೀಟು ಎಲ್ಲ ಪೆಟ್ಟಿಗೆಗಳಲ್ಲಿ ಬರುತ್ತದೆ, ಎಂಜಿನ್ನನ್ನು ಯಾವುದೋ ಹಳೇ ಕಾರಿನಿಂದ ಇಳಿಸಿಕೊಂಡು ನಾವೇ ಜೋಡಿಸಬೇಕು. ಲಾಕ್‌ಡೌನ್ ದಿನಗಳಲ್ಲಿ ಶುರು ಮಾಡಿದ್ದನಂತೆ. ತಲೆಯ ಮೇಲೆ ಛಾವಣಿಯಿಲ್ಲ, ಬಾಗಿಲಿಲ್ಲ, ಇರುವುದು ಎರಡೇ ಸೀಟು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಎರಡನೇ ಸೀಟಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ.

ಕೆಲಸ ಇಷ್ಟೇ. ಪ್ರತಿ ಹಬ್‌ನ ತೂತಿನಲ್ಲಿ ಒಂದು ಬೇರಿಂಗ್ ಕೂರಿಸಬೇಕು. ಬಳೆ ತೊಡಿಸುವಷ್ಟು ಬಿಗಿ, ಸುತ್ತಿಗೆಯಿಂದ ಬಡಿದರೆ ಹಬ್ ಸೀಳುತ್ತದೆ. ಅದಕ್ಕೆ ಉಪಾಯ: ಹಬ್ಬನ್ನು ಓವನ್‌ನಲ್ಲಿ ಕಾಯಿಸುವುದು, ಹಿಗ್ಗುತ್ತದೆ. ಬೇರಿಂಗನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಡುವುದು, ಕುಗ್ಗುತ್ತದೆ. ಒಬ್ಬ ಕಾದ ಹಬ್ಬನ್ನು ಅಲುಗದಂತೆ ಹಿಡಿಯಬೇಕು, ಇನ್ನೊಬ್ಬ ತಣ್ಣನೆಯ ಬೇರಿಂಗನ್ನು ನೆಟ್ಟಗೆ ಬಿಡಬೇಕು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಬೇಕು. ತಡವಾದರೆ ಬಿಸಿ ತಣ್ಣಗಾಗಿ, ತಣ್ಣಗಿದ್ದದ್ದು ಬಿಸಿಯಾಗಿ, ಅರ್ಧಕ್ಕೇ ವಾರೆಯಾಗಿ ಕಚ್ಚಿಕೊಳ್ಳುತ್ತದೆ. ಒಬ್ಬನೇ ಮಾಡಲು ಹೋಗಿ ಹಿಂದಿನ ವಾರ ಒಂದು ಬೇರಿಂಗ್ ಹಾಳು ಮಾಡಿಕೊಂಡಿದ್ದ.

"ಆಫೀಸಿನ್ಯಾಗ ಯಾರೂ ಸಿಗಲಿಲ್ಲೇನು?" ಎಂದೆ.

"ಭಾನುವಾರ ಯಾರಿಗೆ ಕೇಳೂದು? ಫೋನ್ ತಗದು ಎಲ್ಲಾ ನಂಬರ್ ನೋಡಿದೆ. ಕೇಳೂವಂಥವ್ರು ಯಾರೂ ಇದ್ದಿಲ್ಲ." ಆಮೇಲೆ ಓವನ್‌ನ ಗುಂಡಿ ತಿರುಗಿಸುತ್ತ, "ನೀ ಒಬ್ಬಾವ ಇದ್ದಿ" ಎಂದ.

ಇಷ್ಟು ವರ್ಷ ಒಂದು ದೇಶದಲ್ಲಿದ್ದು, ಫೋನಿನ ತುಂಬ ಹೆಸರಿಟ್ಟುಕೊಂಡು, ಭಾನುವಾರ ಎರಡು ಕೈ ಕೇಳಲು ಒಬ್ಬನಿಲ್ಲ. ನಗಬೇಕೆನಿಸಿತು, ಆಗಲಿಲ್ಲ. ನನ್ನ ಫೋನಿನದೂ ಅದೇ ಹಣೆಬರಹ.

ಓವನ್ ಕಾಯಿತು. ದಪ್ಪ ಕೈಗವಸು ಹಾಕಿಕೊಂಡು ನಾನು ಮೊದಲ ಹಬ್ಬನ್ನು ಹಲಗೆಯ ಮೇಲಿಟ್ಟು ಹಿಡಿದೆ. ಅವನು ಫ್ರೀಜರ್‌ನಿಂದ ಬೇರಿಂಗ್ ತಂದು, ಉಸಿರು ಬಿಗಿಹಿಡಿದು ಬಿಟ್ಟ. ಟಕ್ ಎಂದು ಕೂತಿತು. ಇಬ್ಬರೂ ಮುಖ ನೋಡಿಕೊಂಡು ನಕ್ಕೆವು. ಎರಡನೆಯದೂ ಹಾಗೇ ಕೂತಿತು. ಮೂರನೆಯದಕ್ಕೆ ಅವನು, "ನೀ ತಾ" ಎಂದ, ನಾನೇ ಫ್ರೀಜರ್ ತೆರೆದೆ.

ಮೂರು ಖಾನೆಯ ದೊಡ್ಡ ಫ್ರೀಜರ್. ಎಲ್ಲ ಖಾಲಿ. ನಡುವಿನ ಖಾನೆಯಲ್ಲಿ ಉಳಿದೆರಡು ಬೇರಿಂಗ್, ಅವುಗಳ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಮೇಲೆ ಟೇಪ್ ಹಚ್ಚಿ, ದುಂಡಗಿನ ಕನ್ನಡ ಅಕ್ಷರದಲ್ಲಿ 'ಬದನೆಕಾಯಿ ಎಣ್ಣೆಗಾಯಿ' ಎಂದು ಬರೆದಿತ್ತು. ಬಾಯಲ್ಲಿ ನೀರೂರಿತು. ನಾನು ಉಪವಾಸ ಬಂದವನು ಬೇರೆ.

ಮೂರನೆಯದು ಕೂತಿತು. ನಾಲ್ಕನೆಯದನ್ನು ಅವನು ಎರಡು ಕೈಯಲ್ಲಿ ಹಿಡಿದು ಬಿಡುವ ಹೊತ್ತಿಗೆ ನಾನು ಹುರುಪಿನಲ್ಲಿ, "ಇದೊಂದು ಆದ ಮ್ಯಾಲ ಆ ಎಣ್ಣಗಾಯಿ ಡಬ್ಬಿ ಬಿಸಿ ಮಾಡು ದೋಸ್ತ, ಹೊಟ್ಟಿ ಚುರುಗುಡ್ತದ" ಎಂದೆ.

ಅವನು ತಟ್ಟನೆ ನನ್ನ ಕಡೆ ತಿರುಗಿದ. ಬೇರಿಂಗ್ ಓರೆಯಾಗಿ ಇಳಿದು, ಅರ್ಧಕ್ಕೆ ಕಚ್ಚಿಕೊಂಡಿತು.

"ಅದನ್ನ ಮುಟ್ಟಬ್ಯಾಡ!" ಎಂದು ಚೀರಿದ. "ಅದರ ಸುದ್ದಿಗೆ ಬರಬ್ಯಾಡ ನೀ!"

ಕೆಳಗಿನ ಮನೆಯವರು ಛಾವಣಿಗೆ ಎರಡು ಸಲ ಬಡಿದರು. ಭಾನುವಾರ ಚೀರುವಂತೆಯೂ ಇಲ್ಲ. ನಾನು ಹಬ್ಬನ್ನು ಹಿಡಿದುಕೊಂಡೇ ನಿಂತೆ. ಒಂದು ಬದನೆಕಾಯಿಗೆ ಈ ಪರಿ ಬೈಸಿಕೊಂಡವನು ಜರ್ಮನಿಯಲ್ಲಿ ನಾನೊಬ್ಬನೇ ಇರಬೇಕು.

ವಾರೆ ಕೂತ ಬೇರಿಂಗನ್ನು ಎಳೆಯುವಂತಿಲ್ಲ, ಬಡಿಯುವಂತಿಲ್ಲ. ಹಬ್ಬನ್ನು ಮತ್ತೆ ಕಾಯಿಸಬೇಕು, ತಾನಾಗಿ ಬಿಟ್ಟುಕೊಡುವತನಕ ಕಾಯಬೇಕು. ಅವನು ಅದನ್ನು ಓವನ್‌ಗೆ ಇಟ್ಟು, ಎದುರಿಗೆ ನೆಲದ ಮೇಲೆ ಕೂತ. ನಾನೂ ಕೂತೆ. ಓವನ್‌ನ ಒಳಗಿನ ಹಳದಿ ದೀಪ ನೋಡುತ್ತ ಅವನು ತಾನಾಗಿ ಶುರು ಮಾಡಿದ.

ಒಂದೂವರೆ ವರ್ಷದ ಹಿಂದೆ ತನ್ನ ತಮ್ಮನ ಮದುವೆಗೆಂದು ನೀಲಾ ತವರೂರು ನರಗುಂದಕ್ಕೆ ಹೋದಳು. ಇವನು ಹೋಗಲಿಲ್ಲ, ಆಫೀಸಿನಲ್ಲಿ ಪ್ರಾಜೆಕ್ಟ್ ಅಂದ. ಅದಕ್ಕೆ ಮೊದಲೇ ಮನೆಯಲ್ಲಿ ಮುನಿಸಿತ್ತು. ಅವಳು ಎಮ್ಮೆಸ್ಸಿ ಓದಿದವಳು, ಇಲ್ಲಿ ಕೆಲಸ ಸಿಗಲಿಲ್ಲ, ದಿನವೆಲ್ಲ ಒಬ್ಬಳೇ. ಇವನು ಸಂಜೆ ಬಂದವನು ಗ್ಯಾರೇಜಿಗೆ ಹೋಗುತ್ತಿದ್ದ. 'ನಿಮ್ಮ ಕಾರಿಗೆ ಎರಡು ಸೀಟು ಅದಾವ, ನಿಮ್ಮ ದಿನಕ್ಕ ಒಂದ ಸೀಟು' ಎಂದು ಒಂದು ಸಲ ಅಂದಳಂತೆ. ಆದರೂ ಹೊರಡುವ ಮೊದಲು ವಾರಗಟ್ಟಲೆ ಅಡುಗೆ ಮಾಡಿ, ಡಬ್ಬಿಗಳ ಮೇಲೆ ಹೆಸರು ಬರೆದು, ಫ್ರೀಜರ್ ತುಂಬಿಸಿ ಹೋದಳು. ಎರಡು ತಿಂಗಳಿಗೆ ಸಾಕಾಗುವಷ್ಟು.

"ಮದುವಿ ಮುಗೀತು. ನಾ ಆಕಿಗೆ ಟಿಕೆಟ್ ಕಳಿಸಿದೆ" ಎಂದ. "ಬೆಂಗಳೂರಿಂದ ಫ್ರಾಂಕ್‌ಫರ್ಟ್, ಡೈರೆಕ್ಟ್. ಕಿಟಕಿ ಸೀಟು. ಊಟಾನೂ ವೆಜ್ ಅಂತ ಹಾಕಿದ್ದೆ. ಹೂವು ತಗೊಂಡು ಏರ್‌ಪೋರ್ಟಿಗೆ ಹೋದೆ. ಆಕಿ ಬರಲಿಲ್ಲ."

"ಯಾಕಂತ ಕೇಳಿದಿಲ್ಲೋ?"

"ಕೇಳಿದೆ. ನಿಮಗ ಗೊತ್ತಿಲ್ಲೇನು ಅಂದ್ಲು. ಗೊತ್ತಿದ್ರ ಯಾಕ ಕೇಳತಿದ್ದೆ? ನನಗ ಸಿಟ್ಟು ಬಂತು. ಬಾಯಿಗೆ ಬಂದಂಗ ಅಂದೆ. ಆಮ್ಯಾಲ ಊಟ ಆತೇನು, ಆತು ಅಂತ ಮೆಸೇಜ್. ಆಮ್ಯಾಲ ಅದೂ ಇಲ್ಲ. ಡಬ್ಬಿ ಒಂದೊಂದ ತಿಂದೆ. ಇದು ಕಡೀದು. ಇದನ್ನ ತಿಂದ್ರ..." ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ಅಳುವ ಗಂಡಸನ್ನು ಸಮಾಧಾನ ಮಾಡಬೇಕು, ನನಗೆ ಗೊತ್ತು. ಆದರೆ ನನಗೆ ಬಂದದ್ದು ಸಿಟ್ಟು.

"ಕರಿಯಾಕ ಯಾರು ಹೋಗಿದ್ರು?" ಎಂದೆ.

"ಏನು?"

"ತವರಮನಿಗೆ ಹೋದ ಹೆಣ್ಣಮಗಳನ್ನ ಕರಿಯಾಕ ನಿಮ್ಮ ಮನಿಯಿಂದ ಯಾರು ಹೋಗಿದ್ರು ಅಂತ ಕೇಳ್ತೀನಿ."

ಅವನು ನನ್ನನ್ನೇ ನೋಡಿದ. "ಆಕಿ ಓದಿದಾಕಿ ಇದ್ರೀಸಾ. ಒಬ್ಬಾಕೆನ ಎಷ್ಟು ಸಲ ಬಂದು ಹೋಗಿ ಮಾಡ್ಯಾಳ."

"ಓದಿದಾಕಿ ಇದ್ರ ಮಾನ ಮರ್ಯಾದಿ ಇರೂದಿಲ್ಲೇನು? ಮುನಿಸಿಕೊಂಡು ಹೋದಾಕಿ ಆಕಿ. ಮದುವಿಗೆ ಅಳಿಯ ಬರಲಿಲ್ಲ. ಊರ ಮಂದಿ ಬಾಯಿಗೆ ಅವರಪ್ಪ ಏನ್ ಹೇಳಿದ್ದಾನು? ನಮ್ಮಕ್ಕ ರಿಜ್ವಾನಾ ಡಾಕ್ಟರ್ ಇದ್ದಾಳ ಲೇ. ಒಂದು ಸಲ ಮನಸ್ತಾಪ ಮಾಡ್ಕೊಂಡು ಬಂದಾಕಿ, ಆಕಿ ಗಂಡ, ನಮ್ಮ ದುಲಾಭಾಯಿ, ತಾನಾಗಿ ಬಂದು ಬಾಗಿಲಾಗ ನಿಂತು ಕರಿಯೂತನಕ ಚಪ್ಪಲಿ ಮೆಟ್ಟಲಿಲ್ಲ. ನೀ ಹೋಗಬೇಕು, ಒಂದು ರಾತ್ರಿ ಇರಬೇಕು, ಅವರು ಉಡಿ ತುಂಬಿ ಕಳಸಬೇಕು. ನಿನಗ ಹೋಗಾಕ ಆಗಲಿಲ್ಲ, ಹುಬ್ಬಳ್ಳ್ಯಾಗ ನಿಮ್ಮ ಚಿಗವ್ವ ಬಸಲಿಂಗವ್ವ ಅದಾಳ, ಆಕಿನ್ನರ ಕಳಸಬೇಕಿತ್ತು. ಬಸ್ಸಿನ ಹಾದಿ ಎಷ್ಟರ ಇತ್ತು? ನೀ ಇಮೇಲ್‌ನ್ಯಾಗ ಟಿಕೆಟ್ ಕಳಸಿ ಹೂವು ಹಿಡಕೊಂಡು ನಿಂತಿ!"

ಒಂದು ವಿಮಾನ ಇಳಿದು ಹೋಯಿತು, ಕಿಟಕಿಯ ಗಾಜು ಅದುರಿತು. ದುಂಡಪ್ಪನಿಗೆ ಅದು ಹೊಳೆದೇ ಇರಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹಿಂದಿನವರು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ, ನಾವೇ ನೋಡಿ ಕಲಿಯಬೇಕು. ಇಲ್ಲಿ ಬಂದು ನೋಡುವುದು ನಿಂತುಹೋದರೆ ಮರೆತೂ ಹೋಗುತ್ತದೆ.

ಓವನ್ ತೆಗೆದು ಹಬ್ಬನ್ನು ಹೊರಗಿಟ್ಟಾಗ ಬೇರಿಂಗ್ ತಾನಾಗಿ ಜಾರಿ ಹಲಗೆಯ ಮೇಲೆ ಬಿತ್ತು. ಅದನ್ನು ಒರೆಸಿ, ಗೀರು ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಫ್ರೀಜರ್‌ಗೆ ಇಟ್ಟು ಬಾಗಿಲು ಹಾಕಿದ. ಅವತ್ತು ಅದು ಮತ್ತೆ ತಣ್ಣಗಾಗುವಂತಿರಲಿಲ್ಲ. ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿ ಕೊಟ್ಟ. ತಿಂದೆವು.

"ಮುಂದಿನ ಭಾನುವಾರ ಬರತೀಯೇನು?" ಎಂದ ಬಾಗಿಲಲ್ಲಿ.

ಬಂದೆ. ಅದಾದ ಮೇಲಿನ ಭಾನುವಾರವೂ ಬಂದೆ. ನಾಲ್ಕನೆಯದು ಕೂತಿತು. ಗ್ಯಾರೇಜಿನಲ್ಲಿ ಕಬ್ಬಿಣದ ಹಬ್‌ಗಳನ್ನು ಬಿಚ್ಚಿ ಹೊಸವನ್ನು ಹಾಕಿದೆವು, ಅಂದರೆ ಅವನು ಹಾಕಿದ, ನಾನು ಪಾನಾ ಕೊಡುತ್ತ ಬೈಯುತ್ತ ನಿಂತೆ. ಒಂದು ಬೋಲ್ಟು ಬದಲಿಸಿದರೂ ಈ ದೇಶದಲ್ಲಿ ಪರೀಕ್ಷಕನ ಸಹಿ ಬೇಕು. ಪರೀಕ್ಷಕ ಕಾರಿನ ಕೆಳಗೆ ತೂರಿ, ಎಲ್ಲ ಅಲ್ಲಾಡಿಸಿ ನೋಡಿ, ಸಹಿ ಹಾಕಿ, "ಐವತ್ತು ಕಿಲೋಮೀಟರ್ ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿಯಿರಿ" ಎಂದ. ಹೊಸದಾಗಿ ಕೂತದ್ದು ಒಂದಿಷ್ಟು ಓಡಿದ ಮೇಲೇ ಸರಿಯಾಗಿ ಕೂರುತ್ತದಂತೆ.

ಗ್ಯಾರೇಜಿಗೆ ವಾಪಸು ಬರುವಾಗ ದುಂಡಪ್ಪ ಎರಡನೇ ಸೀಟಿನ ಪ್ಲಾಸ್ಟಿಕ್ ಕಿತ್ತೆಸೆದು "ಕುಂದರು" ಎಂದ. ಮೈನ್ ನದಿಯ ಪಕ್ಕದ ರಸ್ತೆಯಲ್ಲಿ ಒಂದು ಸಣ್ಣ ಸುತ್ತು ಹೊಡೆದೆವು. ಕಲ್ಲು ಹಾಸಿದ ಹಳೇ ಬೀದಿಯಲ್ಲಿ ನನ್ನ ಬೆನ್ನು ಮುರಿಯುತ್ತದೆ ಎಂದುಕೊಂಡಿದ್ದೆ. ಗಾಲಿಗಳು ಕಲ್ಲಿನ ಮೇಲೆ ಬೆರಳಾಡಿಸಿದ ಹಾಗೆ ಹೋದವು. ಗಾಳಿ ಬಾಯಿಗೆ ನುಗ್ಗುತ್ತಿತ್ತು, ಇಬ್ಬರೂ ಕೂಗಿ ಕೂಗಿ ಮಾತಾಡಿದೆವು. ಈ ದೇಶಕ್ಕೆ ಬಂದ ಮೇಲೆ ನಾನು ಅಷ್ಟು ನಕ್ಕ ದಿನ ಇನ್ನೊಂದಿಲ್ಲ.

ನೀಲಾಳ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೇ ತಿಂಗಳ ಮೊದಲ ಭಾನುವಾರ ಅವನೇ, "ಅವರು ಬಾ ಅಂತಾರೋ ಇಲ್ಲೋ" ಎಂದ.

"ಕರಿಯಾಕ ಹೋಗಾವರಿಗೆ ಯಾರೂ ಬಾ ಅಂತ ಕರೆಯೂದಿಲ್ಲ. ಹೋಗಿ ಬಾಗಿಲಾಗ ನಿಲ್ಲಬೇಕು."

"ಬರೂದಿಲ್ಲ ಅಂದ್ರ?"

"ಅಂದ್ರ ಅಂದ್ಲು. ಹೋಗಿ ಅನಿಸಿಕೊಂಡು ಬಾ."

ಆ ವಾರವೇ ರಜೆ ಹಾಕಿದ. ಹೊರಡುವ ದಿನ ಮನೆಯ ಕೀಲಿ, ಕಾರಿನ ಕೀಲಿ ಎರಡೂ ನನ್ನ ಕೈಗಿಟ್ಟು, ಕರಿಬೇವಿನ ಗಿಡಕ್ಕೆ ನೀರು ಹಾಕು ಎಂದ. ಅವನನ್ನು ಕಳಿಸಿ ರೈಲಿನಲ್ಲಿ ಬರುವಾಗ ನನ್ನ ಮನಸ್ಸು ಸರಿಯಿರಲಿಲ್ಲ. ಅವಳು ಬಂದರೆ ನನ್ನ ಭಾನುವಾರಗಳು ಹೋದವು ಎಂಬ ಲೆಕ್ಕ ಆಗ ತಲೆಗೆ ಬಂತು. ಬರದಿದ್ದರೆ ಚೆನ್ನ ಎಂದು ಅನಿಸಿತು, ನಿಜ ಹೇಳಬೇಕೆಂದರೆ ಅನಿಸಿತು. ಅನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು.

ಕರಿಬೇವಿಗೆ ನೀರು ಹಾಕುತ್ತಿದ್ದಾಗ ನರಗುಂದದಿಂದ ಫೋನ್ ಬಂತು. ಮಾತಾಡಿದ್ದು ದುಂಡಪ್ಪನಲ್ಲ, ನೀಲಾ.

"ಇದ್ರೀಸಣ್ಣಾರ, ಆರಾಮದೀರಿ?"

"ಆರಾಮ ಇದ್ದೀನವ್ವಾ. ಅಂವ ಎಲ್ಲಿ?"

"ಹೊರಗ ಕಟ್ಟಿ ಮ್ಯಾಲ ಅಪ್ಪನ ಕೂಡ ಕುಂತಾರ. ಅಪ್ಪ ಇನ್ನೂ ಮಾತಾಡವಲ್ಲ, ಚಾ ಮಾತ್ರ ಮೂರು ಸಲ ಕುಡಿಸ್ಯಾನ." ಅವಳ ದನಿಯಲ್ಲಿ ನಗುವಿತ್ತು. ಆಮೇಲೆ ನಗು ನಿಂತಿತು. "ಅಣ್ಣಾರ, ಟಿಕೆಟ್ ಬಂದ ದಿನಾನ ನಾ ಬ್ಯಾಗ್ ಕಟ್ಟಿದ್ದೆ. ಯಾರರ ಬರತಾರ ಅಂತ ಅಪ್ಪ ಬಸ್‌ಸ್ಟ್ಯಾಂಡ್ ಹಾದಿ ನೋಡ್ಕೋತ ಕುಂತಿದ್ದ. ಅವ್ವ ಉಡಿ ತುಂಬಾಕ ಅಕ್ಕಿ, ಕೊಬ್ಬರಿ ಬಟ್ಟಲ ತಂದಿಟ್ಟಿದ್ಲು. ಯಾರೂ ಬರಲಿಲ್ಲ. ಟಿಕೆಟ್ ಸಾಮಾನಿಗೂ ಕಳಸತಾರ."

"ಈಗ ಬಂದಾನಲ್ಲವ್ವಾ" ಎಂದೆ.

"ಬಂದಾರ. ಬಾಗಿಲಾಗ ನಿಂತು ಒಂದು ಮಾತೂ ಆಡಲಿಲ್ಲ, ಬ್ಯಾಗ್ ಹಿಡಕೊಂಡು ನಿಂತಬಿಟ್ರು. ನಾನ ಒಳಗ ಬರ್ರಿ ಅಂದೆ." ಆಮೇಲೆ ಮನೆಯ ಮಾತಿಗೆ ಬಂದಳು. "ಅಣ್ಣಾರ, ಆ ಎಣ್ಣಗಾಯಿ ಡಬ್ಬಿ ಇನ್ನೂ ಐತಂತ. ಅದನ್ನ ಒಗೀರಿ. ಒಂದೂವರಿ ವರ್ಷ ದಾಟೇತಿ. ಫ್ರೀಜರ್ ಒರಸಿಡ್ರಿ, ನಾ ಬಂದು ಮತ್ತ ತುಂಬತೀನಿ."

ಡಬ್ಬಿ ತೆಗೆದೆ. ಒಗೆಯಲು ಕಸದ ಬುಟ್ಟಿಯ ತನಕ ಹೋದೆ. ಆಗಲಿಲ್ಲ. ಬಿಸಿ ಮಾಡಿ, ಅವರ ಟೇಬಲ್ಲಿಗೆ ಕೂತು, ಒಬ್ಬನೇ ತಿಂದೆ. ಬದನೆಕಾಯಿ ಮೆತ್ತಗಾಗಿ ನೀರು ಬಿಟ್ಟಿತ್ತು. ಶೇಂಗಾ, ಗುರೆಳ್ಳಿನ ರುಚಿ ಹಾಗೇ ಇತ್ತು. ನನಗಾಗಿ ಮಾಡಿದ್ದಲ್ಲ ಎಂದು ಪ್ರತಿ ತುತ್ತಿಗೂ ಗೊತ್ತಾಗುತ್ತಿತ್ತು, ಆದರೂ ಡಬ್ಬಿಯನ್ನು ಬೆರಳಿನಿಂದ ಬಳಿದು ತಿಂದೆ. ಆಮೇಲೆ ಫ್ರೀಜರ್ ಒರೆಸಿದೆ.

ಬರುವ ದಿನ ಕಾರು ತೆಗೆದುಕೊಂಡು ಏರ್‌ಪೋರ್ಟಿಗೆ ಬಾ ಎಂದು ದುಂಡಪ್ಪನ ಅಪ್ಪಣೆಯಾಯಿತು. ನೀಲಾ ಮೊದಲ ದಿನವೇ ಅದರಲ್ಲಿ ಕೂರಬೇಕಂತೆ. ಅದಕ್ಕೆ ಮೊದಲು ಐವತ್ತು ಕಿಲೋಮೀಟರ್ ತುಂಬಿರಬೇಕು, ನಟ್ಟು ಮತ್ತೆ ಬಿಗಿದಿರಬೇಕು, ಅವಳು ಕೂತ ಮೇಲೆ ಯಾವುದೂ ಸಡಿಲವಿರಬಾರದು. ಏರ್‌ಪೋರ್ಟು ಪಕ್ಕದಲ್ಲೇ ಇದ್ದರೂ ನಾನು ಬೆಳಗಿನಿಂದ ನದಿಯ ದಂಡೆ, ದ್ರಾಕ್ಷಿ ತೋಟ, ಹೆಸರು ಗೊತ್ತಿಲ್ಲದ ಊರುಗಳನ್ನೆಲ್ಲ ಸುತ್ತಿದೆ. ಕಲ್ಲಿನ ಬೀದಿ ಬಂದಾಗ ಏನೋ ಹೇಳಲು ಬಲಕ್ಕೆ ತಿರುಗಿದೆ. ನಾನು ಹಿಂದಿನ ಸಲ ಕೂತಿದ್ದ ಸೀಟು ಅದು, ಈಗ ಬರೀ ಗಾಳಿ ಇತ್ತು. ಕಾರು ಎಷ್ಟು ಹಗುರವಾಗಿ ಹೋಗುತ್ತಿತ್ತೆಂದರೆ ನನಗೆ ಬೇಸರವೇ ಆಯಿತು.

ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಮಂಡಿಯೂರಿ ಕೂತು ನಾಲ್ಕೂ ಗಾಲಿಯ ನಟ್ಟುಗಳನ್ನು ಬಿಗಿದೆ. ಎಲ್ಲವೂ ಒಂದಿಷ್ಟು ತಿರುಗಿದವು. ಪರೀಕ್ಷಕ ಸುಳ್ಳು ಹೇಳಿರಲಿಲ್ಲ.

ಇಬ್ಬರೂ ಬಂದರು. ದುಂಡಪ್ಪನ ಮುಖದಲ್ಲಿ ಅತ್ತೆಯ ಮನೆಯ ತುಪ್ಪ ಹೊಳೆಯುತ್ತಿತ್ತು. ನೀಲಾ ಕಾರನ್ನು ಸುತ್ತ ನೋಡಿ, ಗಾಲಿಯನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, "ಇದಕ್ಕೇನು ನೀವು ನನ್ನ ಬಿಟ್ಟು ಗ್ಯಾರೇಜ್ ಸೇರತಿದ್ದದ್ದು?" ಎಂದಳು. ಅವನು ನಗುತ್ತ ಹಿಂದಿನ ಡಿಕ್ಕಿ ತೆರೆದ. ಡಿಕ್ಕಿ ಅಂದರೆ ಬ್ರೆಡ್ಡಿನ ಪೆಟ್ಟಿಗೆಯಷ್ಟು. ಪಕ್ಕದಲ್ಲಿ ಅವಳ ಎರಡು ದೈತ್ಯ ಸೂಟ್‌ಕೇಸ್. ಗಾಲಿಯ ಭಾರವನ್ನು ಗ್ರಾಂ ಲೆಕ್ಕದಲ್ಲಿ ತೂಗಿದ ಮಹಾನುಭಾವನಿಗೆ ಎರಡು ಸೂಟ್‌ಕೇಸ್ ಲೆಕ್ಕಕ್ಕೇ ಬಂದಿರಲಿಲ್ಲ. ನಾನೂ ಬಂದಿರಲಿಲ್ಲ.

ಮೂವರೂ ಸ್ವಲ್ಪ ಹೊತ್ತು ಆ ಎರಡು ಸೀಟು ನೋಡುತ್ತ ನಿಂತೆವು.

"ನೀವು ನಡೀರಿ" ಎಂದೆ. "ಸಾಮಾನು ನಾ ರೈಲಿಗೆ ತರತೀನಿ."

"ಅಯ್ಯ, ಹೆಂಗ ಅಣ್ಣಾರ" ಎಂದಳು ನೀಲಾ. ಆಮೇಲೆ, "ರೊಟ್ಟಿ ಬುತ್ತಿ ಎಲ್ಲಾ ಅದರಾಗ ಐತಿ. ನೀವು ಬರೂತನಕ ನಾವು ಉಣ್ಣೂದಿಲ್ಲ" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾರು ಹತ್ತಿದಳು. ದುಂಡಪ್ಪ ನನ್ನ ಭುಜ ಅಮುಕಿ ಸ್ಟೀರಿಂಗ್ ಹಿಡಿದ. ಕಾರು ತಿರುವಿನಲ್ಲಿ ಹೋಯಿತು. ಅವಳು ಏನೋ ಕೂಗಿ ಹೇಳುತ್ತಿದ್ದಳು, ಅವನು ಕೂಗಿ ನಗುತ್ತಿದ್ದ.

ರೈಲಿನಲ್ಲಿ ಎರಡು ಸೂಟ್‌ಕೇಸುಗಳನ್ನು ಮಂಡಿಗಳ ನಡುವೆ ಹಿಡಿದು ಕೂತೆ. ಸಂದಿನಿಂದ ಚಟ್ನಿಪುಡಿಯ ವಾಸನೆ ಬರುತ್ತಿತ್ತು. ಎದುರಿಗೆ ಒಬ್ಬಳು ಮುದುಕಿ. ಈ ದೇಶದಲ್ಲಿ ಅಪರಿಚಿತರು ಮಾತಾಡಿಸುವುದು ಅಪರೂಪ, ಅವಳು ಮಾತಾಡಿಸಿದಳು. ಸೂಟ್‌ಕೇಸ್ ನೋಡಿ, ಮನೆಯಿಂದ ಬಂದಿರಾ ಎಂದು ಜರ್ಮನ್‌ನಲ್ಲಿ ಕೇಳಿದಳು. ಹೌದು ಎಂದೆ. ದೂರದ ಪ್ರಯಾಣ, ಸುಸ್ತಾಗಿರಬೇಕು ಎಂದಳು. ಹೌದು ಎಂದೆ.

"ಸ್ಟೇಷನ್ನಿಗೆ ನಿಮ್ಮನ್ನು ಕರೆದುಕೊಂಡು ಹೋಗಲು ಯಾರಾದರೂ ಬರುತ್ತಾರಾ?"

ಅದಕ್ಕೂ ಹೌದು ಎಂದೆ.

ರೌನ್‌ಹೈಮ್‌ನಲ್ಲಿ ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಯಾರೂ ಇರಲಿಲ್ಲ. ಇರುತ್ತಾರೆಂದು ಯಾರೂ ಹೇಳಿರಲಿಲ್ಲ. ಆದರೂ ಕಿಟಕಿಯಲ್ಲಿ ಮುದುಕಿ ಕೈ ಬೀಸಿ, ರೈಲು ಹೋಗಿ, ಎಲ್ಲ ಖಾಲಿಯಾಗುವ ತನಕ ನಿಂತೇ ಇದ್ದೆ. ಆಮೇಲೆ ಸೂಟ್‌ಕೇಸುಗಳನ್ನು ಎಳೆದುಕೊಂಡು ನಡೆದೆ. ಅವರು ಉಣ್ಣದೆ ಕಾಯುತ್ತಿದ್ದರು.